ಟಾಹೋ ಸುತ್ತ ನಡೆದದ್ದು: ಸರೋವರ ಕಣ್ಣೆದುರು, ನೀರು ಬೆನ್ನ ಮೇಲೆ

ಬಲಗಡೆ ಕೆಳಗೆ ಅಮೆರಿಕದ ಟಾಹೋ ಸರೋವರ ಪೂರ್ತಿ ಕಾಣುತ್ತಿತ್ತು. 35 ಕಿ.ಮೀ. ಉದ್ದ, 19 ಕಿ.ಮೀ. ಅಗಲ, ಆಳ 501 ಮೀಟರ್. ಅಷ್ಟೂ ಸಿಹಿನೀರು. ನಾವು ಅದಕ್ಕಿಂತ ಸುಮಾರು 800 ಮೀಟರ್ ಎತ್ತರದ ಏಣಿನ ಮೇಲೆ ನಿಂತಿದ್ದೆವು. ಬಾಯಿ ಒಣಗಿ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು.

"ಭಾವ, ನಿಮ್ಮ ಬಾಟ್ಲಿಯಲ್ಲಿ ಎಷ್ಟಿದೆ?" ಅಂತ ನನ್ನ ಹೆಂಡತಿಯ ತಮ್ಮ ಕೇಳಿದ.

ಬಾಟ್ಲಿ ಅಲ್ಲಾಡಿಸಿ ನೋಡಿದೆ. ನಾಲ್ಕು ಗುಟುಕು ಇದ್ದಿರಬಹುದು. ಅವನದು ಆಗಲೇ ಖಾಲಿ. ದಾರಿ ಇನ್ನೂ ಅರ್ಧ ಬಾಕಿ ಇತ್ತು.

ಅದು ಸ್ಪೂನರ್ ಸಮಿಟ್‌ನಿಂದ ಕಿಂಗ್ಸ್‌ಬರಿಗೆ ಹೋಗುವ ಹಾದಿ. ಸುಮಾರು 20 ಕಿ.ಮೀ., ನಡುವೆ ನೆಚ್ಚಿಕೊಳ್ಳುವಂಥ ಒಂದು ಹನಿ ನೀರಿಲ್ಲ. ಮ್ಯಾಪಿನಲ್ಲಿ ನೀಲಿ ಗೆರೆ ಇತ್ತಲ್ಲ ಅಂತ ನಾನು ಧೈರ್ಯವಾಗಿದ್ದೆ. ಆದರೆ ಅದು ತುಂಡು ತುಂಡಾದ ಗೆರೆ. ಹಿಮ ಕರಗುವಾಗ ಮಾತ್ರ ಹರಿಯುವ ತೊರೆಗೆ ಹಾಗೆ ಗುರುತು ಹಾಕಿರುತ್ತಾರೆ. ಜುಲೈ ಕೊನೆಗೆ ಅಲ್ಲಿ ಬರೀ ಒಣ ಮರಳು. ತಪ್ಪು ಪೂರ್ತಿ ನನ್ನದೇ. ಸರೋವರದ ಸುತ್ತ ನಡೆಯುತ್ತಿದ್ದೇವೆ, ನೀರಿಗೇನು ಬರ ಅನ್ನುವ ಭಾವನೆ ತಲೆಯಲ್ಲಿ ಕೂತುಬಿಟ್ಟಿತ್ತು. ಎದುರಿನಿಂದ ಸೈಕಲ್‌ನಲ್ಲಿ ಬಂದ ಒಬ್ಬ ಹೆಂಗಸು ನಮ್ಮ ಮುಖ ನೋಡಿ ತಾವೇ ನಿಂತು ಅರ್ಧ ಲೀಟರ್ ಕೊಟ್ಟರು. ಆ ನೀರನ್ನು ಸಮನಾಗಿ ಹಂಚಿಕೊಂಡು ನಿಧಾನವಾಗಿ ಕಿಂಗ್ಸ್‌ಬರಿ ತಲುಪಿದೆವು. ಅವರ ಉಪಕಾರ ಮರೆಯುವಂಥದ್ದಲ್ಲ.

ಈ ಹಾದಿಯ ಹೆಸರು ಟಾಹೋ ರಿಮ್ ಟ್ರೇಲ್. ಅಮೆರಿಕದ ಕ್ಯಾಲಿಫೋರ್ನಿಯಾ ಮತ್ತು ನೆವಾಡಾ ರಾಜ್ಯಗಳ ಗಡಿ ಈ ಸರೋವರದ ಮಧ್ಯೆ ಹಾದುಹೋಗುತ್ತದೆ. ಸುತ್ತ ಬೆಟ್ಟಗಳ ಉಂಗುರ. ಆ ಉಂಗುರದ ಮೇಲೇ ಸುಮಾರು 270 ಕಿ.ಮೀ. ದಾರಿ. ಅರಣ್ಯ ಇಲಾಖೆಯ ಗ್ಲೆನ್ ಹ್ಯಾಂಪ್ಟನ್ ಅನ್ನುವವರಿಗೆ ಈ ಯೋಚನೆ ಮೊದಲು ಬಂತು. 1984ರಲ್ಲಿ ಕೆಲಸ ಶುರುವಾಗಿ, 2001ರಲ್ಲಿ ಸುತ್ತು ಕೂಡಿಕೊಂಡಿತು. ಸ್ವಯಂಸೇವಕರು ಗುದ್ದಲಿ ಹಿಡಿದು ಮಾಡಿದ ದಾರಿ ಇದು. ಕಲ್ಲಿನ ಮೆಟ್ಟಿಲು ಸಿಕ್ಕಲ್ಲೆಲ್ಲ ಅವರ ನೆನಪು ಬರುತ್ತಿತ್ತು.

ನಾವು ಎರಡು ಬೇಸಿಗೆಯಲ್ಲಿ ಮುಗಿಸಿದೆವು. ಮೊದಲ ವರ್ಷ ಟಾಹೋ ಸಿಟಿಯಿಂದ ಹೊರಟು ಉತ್ತರ ಮತ್ತು ಪೂರ್ವ ದಂಡೆಯ ಮೇಲಿನ ಬೆಟ್ಟಗಳಲ್ಲಿ ಕಿಂಗ್ಸ್‌ಬರಿವರೆಗೆ, ಆರು ದಿನ. ಮರುವರ್ಷ ಕಿಂಗ್ಸ್‌ಬರಿಯಿಂದ ದಕ್ಷಿಣ, ಪಶ್ಚಿಮ ಬಳಸಿ ವಾಪಸ್ ಟಾಹೋ ಸಿಟಿಗೆ, ಎಂಟು ದಿನ. ಸರೋವರ ಯಾವಾಗಲೂ ಬಲಗಡೆ. ಹದಿನೈದು ದಿನ ಒಟ್ಟಿಗೆ ರಜೆ ಸಿಕ್ಕಿದ್ದರೆ ಒಂದೇ ಸಲಕ್ಕೆ ಹೋಗುತ್ತಿದ್ದೆವೋ ಏನೋ. ಆದರೆ ಎರಡು ಭಾಗ ಮಾಡಿದ್ದೇ ಒಳ್ಳೆಯದಾಯಿತು. ಮೊದಲ ವರ್ಷದ ಪಾಠ ಎರಡನೇ ವರ್ಷಕ್ಕೆ ಸಿಕ್ಕಿತು.

ಪೂರ್ವದ ಕಡೆ ಯಾಕೆ ಅಷ್ಟು ಒಣ ಅಂತ ಆಮೇಲೆ ಓದಿ ತಿಳಿದುಕೊಂಡೆ. ಪೆಸಿಫಿಕ್ ಸಾಗರದಿಂದ ಬರುವ ಮೋಡ ಮೊದಲು ಪಶ್ಚಿಮದ ಸಿಯೆರಾ ಬೆಟ್ಟಗಳಿಗೆ ಬಡಿಯುತ್ತದೆ. ಹಿಮವೆಲ್ಲ ಹೆಚ್ಚಾಗಿ ಅಲ್ಲೇ ಸುರಿದುಹೋಗುತ್ತದೆ. ಸರೋವರ ದಾಟಿ ಪೂರ್ವದ ಕಾರ್ಸನ್ ಸಾಲಿಗೆ ಬರುವಷ್ಟರಲ್ಲಿ ಮೋಡದಲ್ಲಿ ಜಾಸ್ತಿ ಏನೂ ಉಳಿದಿರುವುದಿಲ್ಲ. ಅದರ ಮೇಲೆ ಅಲ್ಲಿನ ನೆಲ ಗ್ರಾನೈಟ್ ಸವೆದು ಆದ ದಪ್ಪ ಮರಳು. ಬಿದ್ದ ನೀರು ನಿಲ್ಲದೆ ಇಂಗಿಹೋಗುತ್ತದೆ. ಹತ್ತುವಾಗ ಕಾಲು ಅರ್ಧ ಹೆಜ್ಜೆ ಹಿಂದಕ್ಕೆ ಜಾರುವುದೂ ಆ ಮರಳಿನಿಂದಲೇ.

ಹಾಗಾಗಿ ಈ ದಾರಿಯನ್ನು ಕಿಲೋಮೀಟರ್ ಲೆಕ್ಕದಲ್ಲಿ ಯೋಚಿಸಬೇಡಿ. ನೀರಿನಿಂದ ನೀರಿಗೆ ಅಂತ ಯೋಚಿಸಿ. ಇದು ನಾನು ಬರೆಯುತ್ತಿರುವುದರಲ್ಲಿ ಎಲ್ಲಕ್ಕಿಂತ ಮುಖ್ಯವಾದ ಮಾತು. ನನ್ನ ಲೆಕ್ಕ ಹೀಗಿದೆ: ನಡೆಯುವಾಗ ಗಂಟೆಗೆ ಅರ್ಧ ಲೀಟರ್, ಏರು ಮತ್ತು ಬಿಸಿಲು ಎರಡೂ ಇದ್ದರೆ ಮುಕ್ಕಾಲು. ನೀರಿಲ್ಲದ ಜಾಗದಲ್ಲಿ ರಾತ್ರಿ ತಂಗಬೇಕಾದರೆ ಅಡುಗೆಗೆ, ಕುಡಿಯಲು, ಬೆಳಗಿನ ಕಾಫಿಗೆ ಸೇರಿ ಇನ್ನೂ ಎರಡು ಲೀಟರ್. ಸ್ಪೂನರ್‌ನಿಂದ ಕಿಂಗ್ಸ್‌ಬರಿಗೆ ನಮಗೆ ಏಳು ಗಂಟೆ ಹಿಡಿಯಿತು. ಅಂದರೆ ಒಬ್ಬೊಬ್ಬರಿಗೂ ಕಮ್ಮಿ ಅಂದರೂ ನಾಲ್ಕು ಲೀಟರ್ ಬೇಕಿತ್ತು. ನಾವು ಹೊತ್ತಿದ್ದು ಎರಡೆರಡು ಲೀಟರ್. ನಾಲ್ಕು ಲೀಟರ್ ಅಂದರೆ ನಾಲ್ಕು ಕಿಲೋ ಭಾರ, ನಿಜ. ಆ ಭಾರಕ್ಕೆ ಜಾಗ ಬಿಟ್ಟು ಉಳಿದದ್ದನ್ನು ಕಡಿಮೆ ಮಾಡಿ. ಎರಡನೇ ಜೊತೆ ಬಟ್ಟೆ, ದಪ್ಪ ಪುಸ್ತಕ ಎಲ್ಲ ಮನೆಯಲ್ಲೇ ಇರಲಿ.

ಉತ್ತರದಲ್ಲೂ ಕಷ್ಟ ಇದೆ. ಬ್ರಾಕ್‌ವೇ ಸಮಿಟ್‌ನಿಂದ ಮೌಂಟ್ ರೋಸ್ ಕಡೆಗೆ ಹೋಗುವಾಗ ಗ್ರೇ ಲೇಕ್ ಅನ್ನುವ ಸಣ್ಣ ಕೊಳ ಇದೆ, ಮುಖ್ಯ ದಾರಿಯಿಂದ ಸ್ವಲ್ಪ ಪಕ್ಕಕ್ಕೆ. ಇಳಿದರೆ ಮತ್ತೆ ಹತ್ತಬೇಕಲ್ಲ ಅಂತ ಬಿಟ್ಟು ಹೋಗುವ ಮನಸ್ಸಾಗುತ್ತದೆ. ಬಿಡಬೇಡಿ. ಮುಂದೆ ರಿಲೇ ಪೀಕ್ ಇದೆ, 3,151 ಮೀಟರ್, ಇಡೀ ಟ್ರೇಲಿನ ಅತಿ ಎತ್ತರದ ಜಾಗ. ನಾವು ಮಧ್ಯಾಹ್ನದ ಗುಡುಗಿಗೆ ಹೆದರಿ ಬೆಳಗ್ಗೆ ಐದಕ್ಕೇ ಹೊರಟು ಅದನ್ನು ದಾಟಿದೆವು. ಬೇಸಿಗೆಯಲ್ಲಿ ಇಲ್ಲಿ ಮಧ್ಯಾಹ್ನದ ಮೇಲೆ ಮೋಡ ಕಟ್ಟಿ ಸಿಡಿಲು ಹೊಡೆಯುವುದುಂಟು. ಬೋಳು ಏಣಿನ ಮೇಲೆ ಆ ಹೊತ್ತಿಗೆ ಇರಬಾರದು.

ಟಾಹೋ ಮೆಡೋಸ್‌ನಿಂದ ದಕ್ಷಿಣಕ್ಕೆ ಟನಲ್ ಕ್ರೀಕ್ ರಸ್ತೆವರೆಗಿನ ಭಾಗದಲ್ಲಿ ಒಂದು ವಿಚಿತ್ರ ನಿಯಮ ಇದೆ. ಸಮಸಂಖ್ಯೆಯ ತಾರೀಖುಗಳಲ್ಲಿ ಮಾತ್ರ ಸೈಕಲ್‌ಗೆ ಅವಕಾಶ. ನಾವು 27ನೇ ತಾರೀಖು ಹೋದೆವು. ದಾರಿ ಪೂರ್ತಿ ನಮ್ಮದೇ. ತಾರೀಖು ನೋಡಿ ಹೊರಡಿ, ಅಷ್ಟೇ.

ಮಾರ್ಲೆಟ್ ಪೀಕ್ ಕ್ಯಾಂಪಿನಲ್ಲಿ ಒಂದು ಕೈಪಂಪ್ ಇತ್ತು. ಹತ್ತಾರು ಸಲ ಒತ್ತಿದ ಮೇಲೆ ತಣ್ಣನೆ ನೀರು ಬಂದಾಗ ಆದ ಸಂತೋಷ ಹೇಳತೀರದು. ಇದು ನೆವಾಡಾದ ಸ್ಟೇಟ್ ಪಾರ್ಕ್ ಜಾಗ, ಗೊತ್ತುಮಾಡಿದ ಕ್ಯಾಂಪಿನಲ್ಲೇ ಮಲಗಬೇಕು, ಕಂಡಕಂಡಲ್ಲಿ ಟೆಂಟ್ ಹಾಕುವಂತಿಲ್ಲ. ಹತ್ತಿರದಲ್ಲೇ ಮಾರ್ಲೆಟ್ ಸರೋವರ. ಆ ಸಂಜೆ ಬಂಡೆ ಮೇಲೆ ಕೂತರೆ ಎರಡು ಸರೋವರ ಒಂದರ ಮೇಲೊಂದು ಇಟ್ಟ ಹಾಗೆ ಕಂಡವು. ನೀರಿಗಾಗಿ ಇಲ್ಲಿ ಒದ್ದಾಡಿದವರು ನಾವೇ ಮೊದಲಲ್ಲ. 1859ರಲ್ಲಿ ಬೆಟ್ಟದ ಆಚೆ ವರ್ಜೀನಿಯಾ ಸಿಟಿಯಲ್ಲಿ ಬೆಳ್ಳಿ ಸಿಕ್ಕಿತು. ಗಣಿಗಳಿಗೆ ಆಸರೆ ಕೊಡಲು ಇಲ್ಲಿನ ಕಾಡನ್ನೆಲ್ಲ ಕಡಿದರು. ಗಣಿ ಊರಿಗೆ ನೀರು ಸಾಲದೆ 1873ರಲ್ಲಿ ಈ ಬೆಟ್ಟಗಳ ನೀರನ್ನು ಪೈಪಿನಲ್ಲಿ ಕಣಿವೆಗೆ ಇಳಿಸಿ, ಅದರದೇ ಒತ್ತಡದಿಂದ ಆಚೆ ಬದಿಗೆ ಹತ್ತಿಸಿದರು. ಮಾರ್ಲೆಟ್ ನೀರೂ ಆಮೇಲೆ ಅದಕ್ಕೆ ಸೇರಿತು. ನಾವು ನಡೆದ ನೆರಳೆಲ್ಲ ಆ ಕಡಿತದ ನಂತರ ಮತ್ತೆ ಬೆಳೆದ ಕಾಡಿನದು. ಅಲ್ಲಿನ ಜೆಫ್ರಿ ಪೈನ್ ಮರದ ತೊಗಟೆಗೆ ಮೂಗು ಹಚ್ಚಿ ನೋಡಿ. ಬಿಸಿಲಿಗೆ ಕಾದಾಗ ವೆನಿಲಾ ಪರಿಮಳ ಬರುತ್ತದೆ.

ಮರುವರ್ಷ ಆಗಸ್ಟ್ ಮೊದಲ ವಾರ ಹೊರಟೆವು. ಜುಲೈ ನಡುವಿಗೆ ಮೊದಲು ಎತ್ತರದ ಕಣಿವೆದಾರಿಗಳಲ್ಲಿ ಹಿಮ ಇರುತ್ತದೆ. ಆಗಸ್ಟ್ ಕೊನೆಯಿಂದ ಕಾಡ್ಗಿಚ್ಚಿನ ಹೊಗೆಯ ಭಯ. 2021ರ ಕ್ಯಾಲ್ಡರ್ ಬೆಂಕಿ ಬೆಟ್ಟದ ಸಾಲು ದಾಟಿ ಬಂದು, ಸೌತ್ ಲೇಕ್ ಟಾಹೋ ಊರನ್ನೇ ಖಾಲಿ ಮಾಡಿಸಬೇಕಾಯಿತು. ಹೊರಡುವ ದಿನವೂ ಹೊಗೆಯ ಸುದ್ದಿ ನೋಡಿಕೊಂಡೇ ಹೊರಡಿ.

ಮೊದಲ ರಾತ್ರಿ ಸ್ಟಾರ್ ಲೇಕ್ ಪಕ್ಕ, ಸುಮಾರು 2,770 ಮೀಟರ್ ಎತ್ತರದಲ್ಲಿ. ಆಗಸ್ಟ್ ಆದರೂ ಬೆಳಗಿನ ಜಾವ ಟೆಂಟ್ ಮೇಲೆ ಇಬ್ಬನಿ ಹೆಪ್ಪುಗಟ್ಟಿತ್ತು. ಇಲ್ಲಿ ಫಿಲ್ಟರ್ ಬಗ್ಗೆ ಒಂದು ಮಾತು. ಟೊಳ್ಳು ನೂಲಿನಂಥ ಎಳೆಗಳಿರುವ ಫಿಲ್ಟರ್‌ನೊಳಗೆ ನೀರು ಹೆಪ್ಪುಗಟ್ಟಿದರೆ ಎಳೆ ಸೀಳುತ್ತದೆ. ಹೊರಗೆ ಏನೂ ಗೊತ್ತಾಗುವುದಿಲ್ಲ. ನೀರು ಎಂದಿನಂತೆ ಹರಿಯುತ್ತದೆ, ಆದರೆ ಶುದ್ಧವಾಗಿರುವುದಿಲ್ಲ. ರಾತ್ರಿ ಅದನ್ನು ಚೀಲದಲ್ಲಿ ಸುತ್ತಿ ಸ್ಲೀಪಿಂಗ್ ಬ್ಯಾಗಿನೊಳಗೆ ಇಟ್ಟುಕೊಂಡೇ ಮಲಗುತ್ತೇನೆ. ತೊರೆ ಎಷ್ಟೇ ತಿಳಿಯಾಗಿ ಕಂಡರೂ ಸೋಸದೆ ಕುಡಿಯಬೇಡಿ. ಜಿಯಾರ್ಡಿಯಾ ಅನ್ನುವ ಕಣ್ಣಿಗೆ ಕಾಣದ ಪರೋಪಜೀವಿ ಹೊಟ್ಟೆ ಸೇರಿದರೆ ವಾರಗಟ್ಟಲೆ ಕಾಡುತ್ತದೆ.

ಎಕೋ ಲೇಕ್ ದಾಟಿ ಡೆಸೊಲೇಶನ್ ವೈಲ್ಡರ್‌ನೆಸ್ ಅನ್ನುವ ಸಂರಕ್ಷಿತ ಕಾಡುಪ್ರದೇಶಕ್ಕೆ ಕಾಲಿಟ್ಟ ಮೇಲೆ ಲೋಕವೇ ಬದಲಾಯಿತು. ಬಿಳಿ ಗ್ರಾನೈಟ್, ಅದರ ಮಧ್ಯೆ ಕೊಳದ ಮೇಲೆ ಕೊಳ. ಅಲೋಹಾ, ಹೆದರ್, ಸೂಸಿ, ಗಿಲ್ಮೋರ್. ಒಂದರ ದಡದಲ್ಲಿ ಬಾಟ್ಲಿ ತುಂಬಿಸಿ ಎದ್ದರೆ ಇನ್ನೊಂದು ಹತ್ತಿರದಲ್ಲೇ ಹೊಳೆಯುತ್ತಿರುತ್ತದೆ. ಅಲೋಹಾ ಅಷ್ಟೇನೂ ಆಳವಿಲ್ಲ. ನೀರಿನಿಂದ ತಲೆ ಎತ್ತಿದ ನೂರಾರು ಬಂಡೆಗಳ ಮಧ್ಯೆ ಸಂಜೆ ಬಿಸಿಲು ಬಿದ್ದಾಗ ನಾವಿಬ್ಬರೂ ಒಂದು ಗಂಟೆ ಮಾತಿಲ್ಲದೆ ಸುಮ್ನೆ ಕೂತಿದ್ದೆವು. ಇಡೀ ಸುತ್ತಿನಲ್ಲಿ ಎರಡು ದಿನ ಮಾತ್ರ ಸಿಗುವುದಾದರೆ ನಾನು ಇಲ್ಲಿಗೇ ಬರುತ್ತೇನೆ.

ಇಲ್ಲಿ ನಿಯಮ ಬಿಗಿ. ರಾತ್ರಿ ತಂಗಲು ಪರ್ಮಿಟ್ ಬೇಕು, ಅದಕ್ಕೆ ಸಂಖ್ಯೆಯ ಮಿತಿ ಇದೆ, ಬೇಸಿಗೆಗೆ ಬೇಗ ಮುಗಿದುಹೋಗುತ್ತದೆ. ನಾವು ಮೊದಲು ಪರ್ಮಿಟ್ ಹಿಡಿದು ಆಮೇಲೆ ರಜೆ ಹಾಕಿದೆವು. ಸೌದೆ ಬೆಂಕಿ ವರ್ಷಪೂರ್ತಿ ನಿಷೇಧ. ಊಟ, ಟೂತ್‌ಪೇಸ್ಟ್, ಸೋಪು, ವಾಸನೆ ಬರುವ ಎಲ್ಲವೂ ಬೇರ್ ಕ್ಯಾನಿಸ್ಟರ್ ಅನ್ನುವ ಗಟ್ಟಿ ಡಬ್ಬದೊಳಗೆ ಹೋಗಬೇಕು. ಕಪ್ಪು ಕರಡಿಗಳು ಇಲ್ಲಿ ಜಾಸ್ತಿ. ಮನುಷ್ಯರ ಊಟದ ರುಚಿ ಹತ್ತಿದ ಕರಡಿಯನ್ನು ಕೊನೆಗೆ ಕೊಲ್ಲಬೇಕಾಗಿ ಬರಬಹುದು. ಒಂದು ಡಬ್ಬ ಹೊರುವ ಕಷ್ಟ ಅದರ ಮುಂದೆ ಏನೇನೂ ಅಲ್ಲ.

ಡಿಕ್ಸ್ ಪಾಸ್ ಅನ್ನುವ ಕಣಿವೆದಾರಿಯ ಏರು ಉಸಿರು ಕಟ್ಟಿಸಿತು, ನೆರಳಿನ ಬದಿಯಲ್ಲಿ ಹಿಮದ ತುಂಡುಗಳು ಇನ್ನೂ ಇದ್ದವು. ಆಮೇಲೆ ಫಾಂಟನಿಲಿಸ್, ಮಿಡಲ್ ವೆಲ್ಮಾ ಕೊಳಗಳು. ಬಾರ್ಕರ್ ಪಾಸ್‌ನಿಂದ ಟಾಹೋ ಸಿಟಿಗೆ ಕೊನೆಯ ಸುಮಾರು 27 ಕಿ.ಮೀ. ನಾವು ಒಂದೇ ದಿನದಲ್ಲಿ ಇಳಿದೆವು. ವಾರ್ಡ್ ಕ್ರೀಕ್ ಹತ್ತಿರ ಕಾಲು ನೀರಿಗಿಟ್ಟು ಸುಧಾರಿಸಿಕೊಂಡದ್ದು ಬಿಟ್ಟರೆ ಹೆಚ್ಚು ನಿಲ್ಲಲಿಲ್ಲ.

ಸರೋವರಕ್ಕೆ 63 ತೊರೆಗಳು ಸೇರುತ್ತವೆ, ಹೊರಗೆ ಹೋಗುವುದು ಟ್ರಕೀ ನದಿ ಒಂದೇ. ಅದೂ ಸಮುದ್ರಕ್ಕೆ ಹೋಗುವುದಿಲ್ಲ, ನೆವಾಡಾದ ಮರುಭೂಮಿಯ ಪಿರಮಿಡ್ ಲೇಕ್‌ನಲ್ಲಿ ಮುಗಿಯುತ್ತದೆ. ಆ ನದಿಯ ಸೇತುವೆ ದಾಟಿದರೆ ನಮ್ಮ ಸುತ್ತು ಪೂರ್ತಿ. ದಾಟಿ, ಬ್ಯಾಗ್ ಇಳಿಸಿ, ದಡದಲ್ಲಿ ಕೂತೆವು. ಭಾಮೈದ ತನ್ನ ಬ್ಯಾಗಿನ ತಳದಿಂದ ಒಂದು ಬಾಟ್ಲಿ ತೆಗೆದ. ಪೂರ್ತಿ ಒಂದು ಲೀಟರ್, ಮುಚ್ಚಳವೇ ತೆಗೆದಿರಲಿಲ್ಲ. ಪಶ್ಚಿಮದ ಅಷ್ಟೂ ಕೊಳಗಳ ಪಕ್ಕದಲ್ಲಿ ಅದನ್ನು ಹೊತ್ತುಕೊಂಡೇ ಬಂದಿದ್ದ. "ಕಿಂಗ್ಸ್‌ಬರಿ ದಿನ ಮರೆತಿಲ್ಲ ಭಾವ" ಅಂದ. ಅದನ್ನೇ ಇಬ್ಬರೂ ಕುಡಿದೆವು.