ನೈವಾಶಾದ ವಿಂಬಿಯಲ್ಲಿ ನಮ್ಮ ಮುದ್ದೆ: ನನ್ನ ಅನುಭವ

ಕೀನ್ಯಾದ ನೈವಾಶಾದಲ್ಲಿ ಸಿಗುವ ವಿಂಬಿಯಲ್ಲಿ, ಅಂದರೆ ಇಲ್ಲಿನ ರಾಗಿಯಲ್ಲಿ, ಮುದ್ದೆ ಬರಲ್ಲ, ಸುಮ್ನೆ ದುಡ್ಡು ದಂಡ ಅಂದವರೆಲ್ಲ ಈಗ ಹಿಟ್ಟಿಗೆ ನಮ್ಮ ಮನೆಗೆ ಡಬ್ಬ ಕಳಿಸುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನೈವಾಶಾದ ಹೂವಿನ ತೋಟಗಳಿಗೆ ಕೆಲಸಕ್ಕೆ ಬಂದ ನಮ್ಮವರು ರಾಗಿ ಹಿಟ್ಟಿಗೆ ರಾಜಧಾನಿ ನೈರೋಬಿಯಲ್ಲಿ ನಮ್ಮ ದೇಶದ ಅಂಗಡಿಗಳಿರುವ ಪಾರ್ಕ್‌ಲ್ಯಾಂಡ್ಸ್ ಕಡೆಗೇ ಓಡುತ್ತಾರೆ. ಸುಮಾರು 90 ಕಿಲೋಮೀಟರ್ ದಾರಿ. ಮಟಾಟು ಅನ್ನುವ ಬಾಡಿಗೆ ವ್ಯಾನಿನಲ್ಲಿ ಹೋಗಿ ಬರಲು 800 ಶಿಲ್ಲಿಂಗ್ ಹತ್ತಿರ, ಹಿಟ್ಟಿಗೆ ಕಿಲೋಗೆ 350ರ ಆಸುಪಾಸು, ಮೇಲೆ ಒಂದು ಭಾನುವಾರ ಪೂರ್ತಿ ಹೋಯಿತು. ವಿಂಬಿ ಅಂದರೆ ರಾಗಿಯೇ ಅಲ್ವಾ? ರಾಗಿ ಹುಟ್ಟಿದ್ದೇ ಪೂರ್ವ ಆಫ್ರಿಕದ ಈ ಎತ್ತರದ ನೆಲದಲ್ಲಿ. ಅದರ ತವರಲ್ಲೇ ಕೂತು ಊರಿಂದ ಹಡಗಿನಲ್ಲಿ ಬಂದ ಹಿಟ್ಟು ತಿನ್ನಲು ನನಗೆ ಮನಸ್ಸಾಗಲಿಲ್ಲ.

ಮೊದಲು ಅಂಗಡಿ ಪ್ಯಾಕೆಟ್ ತಂದು ನೋಡಿದೆ. ಅದು ಉಜಿ ಅನ್ನುವ ಗಂಜಿಗೆ ಮಾಡಿದ ಹಿಟ್ಟು. ಬಿಳಿಜೋಳ, ಮರಗೆಣಸು ಎಲ್ಲ ಬೆರೆತಿರುತ್ತದೆ. ಮುದ್ದೆ ಗೋಂದಿನ ಹಾಗೆ ಕೈಗೆ ಅಂಟಿತು. ಮಕ್ಕಳು ತಟ್ಟೆ ಸರಿಸಿದರು.

ಆಮೇಲೆ ಸಂತೆಗೆ ಹೋಗಿ ಕಾಳನ್ನೇ ತಂದೆ. ಪಶ್ಚಿಮ ಕೀನ್ಯಾದ ಬುಸಿಯಾ, ಕಿಸಿ ಕಡೆಯಿಂದ ಬರುತ್ತದೆ. ಗೊರೊಗೊರೊ ಡಬ್ಬದಲ್ಲಿ ಅಳೆದು ಕೊಡುತ್ತಾರೆ, ಒಂದಕ್ಕೆ ಎರಡು ಕಿಲೋ ಲೆಕ್ಕ, ಬೆಲೆ 300ರ ಅತ್ತಿತ್ತ. ಡಬ್ಬದ ತಳ ಒಳಗೆ ನುಗ್ಗಿದೆಯಾ ಅಂತ ಕೈ ಹಾಕಿ ನೋಡಿಕೊಳ್ಳಿ. ಕಾಳನ್ನು ನೆಲದ ಮೇಲೆ ಬಡಿದಿರುತ್ತಾರೆ, ಹಾಗಾಗಿ ಮರಳು ಜಾಸ್ತಿ. ಕೇರಿದರೆ ಮಾತ್ರ ಸಾಲದು. ಮೂರು ನೀರಲ್ಲಿ ಜಾಲಿಸಬೇಕು. ಹತ್ತು ಕಿಲೋದಲ್ಲಿ ಅರ್ಧ ಕಿಲೋ ಮರಳು, ಹೊಟ್ಟು ಅಂತಲೇ ಹೋಗುತ್ತದೆ.

ಕಾಳು ಚೆನ್ನಾಗಿದ್ದರೂ ಕೆಡಿಸಿದ್ದು ಮಿಲ್ಲು. ಇಲ್ಲಿನ ಪೋಶೋ ಮಿಲ್ಲುಗಳು, ಅಂದರೆ ಹಿಟ್ಟಿನ ಗಿರಣಿಗಳು, ದಿನವಿಡೀ ಉಗಾಲಿ ಅನ್ನುವ ಇಲ್ಲಿನ ಮುದ್ದೆಗೆ ಮೆಕ್ಕೆಜೋಳ ಬೀಸುತ್ತವೆ. ಅದರ ಹಿಟ್ಟು ಬೆರೆತು ನನ್ನದು ಬಿಳಿ ಬಿಳಿಯಾಗಿ, ತರಿತರಿಯಾಗಿ ಬಂತು. ತೊಳಸಿದರೆ ಮುದ್ದೆ ಕೂಡಲೇ ಇಲ್ಲ. ತೋಟದ ಹಿರಿಯರೊಬ್ಬರು, "ಬಿಟ್ಟುಬಿಡಪ್ಪಾ, ಇದು ಉಗಾಲಿ ಮಿಲ್ಲು" ಅಂದರು. ಜುಲೈನಲ್ಲಿ ಮತ್ತೊಂದು ಪಾಡು. ಬಿಸಿಲೇ ಇಲ್ಲ. ಜಾಲಿಸಿದ ಕಾಳು ಮೇಲೆ ಒಣಗಿ ಒಳಗೆ ಹಸಿಯಿತ್ತು. ಮಿಲ್ಲಿನ ಜರಡಿ ಕಟ್ಟಿಕೊಂಡಿತು, ಹಿಟ್ಟು ಮುಗ್ಗಲು ವಾಸನೆ ಹೊಡೆಯಿತು. ಎಂಟು ಕಿಲೋ ಪಕ್ಕದ ಮನೆಯ ಕೋಳಿಗಳಿಗೆ ಹೋಯಿತು.

ದಾರಿ ಸಿಕ್ಕಿದ್ದು ಜರಡಿಯಲ್ಲೇ. ಈ ಮಿಲ್ಲುಗಳಲ್ಲಿ ಸುತ್ತಿಗೆಗಳು ಕಾಳನ್ನು ಬಡಿಯುತ್ತವೆ, ಹಿಟ್ಟು ಎಷ್ಟು ನುಣುಪು ಅನ್ನುವುದನ್ನು ತಳದ ಜರಡಿಯ ತೂತು ತೀರ್ಮಾನಿಸುತ್ತದೆ. ಸಣ್ಣ ತೂತಿನ ಜರಡಿ ಮೂಲೆಯಲ್ಲಿ ಬಿದ್ದಿರುತ್ತದೆ, ಕೇಳುವವರಿಲ್ಲ ಅಷ್ಟೆ. ಬೆಳಿಗ್ಗೆ ಮಿಲ್ಲು ತೆಗೆದ ಕೂಡಲೇ ಹೋಗಿ, 50 ಶಿಲ್ಲಿಂಗ್ ಜಾಸ್ತಿ ಕೊಟ್ಟು ಅದನ್ನು ಹಾಕಿಸುತ್ತೇನೆ. ಮೊದಲ ಒಂದು ಕಿಲೋ ಹಿಟ್ಟು ಬೇರೆ ಚೀಲಕ್ಕೆ. ಅದು ಒಳಗೆ ಉಳಿದ ಮೆಕ್ಕೆಜೋಳವನ್ನು ತಳ್ಳಿಕೊಂಡು ಬರುತ್ತದೆ, ರೊಟ್ಟಿಗೆ ಆಗುತ್ತದೆ. ಆಮೇಲೆ ಬರುವುದೇ ನಿಜವಾದ ರಾಗಿ ಹಿಟ್ಟು. ಬೀಸುವ ಮುಂಚೆ ಕಾಳಿಗೆ ನಾನು ಮಾಡುವ ಇನ್ನೊಂದು ಕೆಲಸ ಇದೆ, ಅದು ನಮ್ಮನೆಯಲ್ಲೇ ಇರಲಿ.

ಒಟ್ಟು ಕಿಲೋಗೆ 180ರ ಒಳಗೆ ಮುಗಿಯುತ್ತದೆ. ಮಿಲ್ಲಿಗೆ ದುಡ್ಡನ್ನು ಎಂ-ಪೆಸಾ ಅನ್ನುವ ಮೊಬೈಲ್ ಪಾವತಿಯಲ್ಲಿ, ಅಂಗಡಿಯ ಟಿಲ್ ನಂಬರಿಗೆ ಕೊಡಿ, ಕೊಳ್ಳುವವರಿಗೆ ಶುಲ್ಕ ಬೀಳುವುದಿಲ್ಲ. ಬಟ್ಟೆ ಚೀಲ ಮರೆಯಬೇಡಿ. ಪ್ಲಾಸ್ಟಿಕ್ ಕೈಚೀಲಕ್ಕೆ 2017ರ ಆಗಸ್ಟ್‌ನಿಂದ ನಿಷೇಧ, ದಂಡವೂ ಭಾರಿ. ಊರಿಂದ ಬರುವವರಿಗೂ ಮೊದಲೇ ಹೇಳಿಬಿಡಿ.

ಎಸರಿಗೆ ಬೋರ್ ನೀರು ಬೇಡ. ನೈವಾಶಾ ಇರುವ ಈ ರಿಫ್ಟ್ ಕಣಿವೆಯ ಅಂತರ್ಜಲದಲ್ಲಿ ಫ್ಲೋರೈಡ್ ಜಾಸ್ತಿ. ಕೋಲಾರ, ಪಾವಗಡದವರಿಗೆ ಬಿಡಿಸಿ ಹೇಳಬೇಕಿಲ್ಲ. ಕುದಿಸಿದರೆ ಅದು ಹೋಗುವುದಿಲ್ಲ, ನೀರು ಇಂಗಿ ಫ್ಲೋರೈಡ್ ಪ್ರಮಾಣ ಇನ್ನೂ ಹೆಚ್ಚುತ್ತದೆ. ಮಕ್ಕಳಿರುವ ಮನೆಯವರು ದಯವಿಟ್ಟು ಇದನ್ನು ಹಗುರವಾಗಿ ತಗೋಬೇಡಿ. ಕುಡಿಯಲು, ಅಡುಗೆಗೆ ಸೂರಿನ ಮಳೆನೀರು ಹಿಡಿದು ಟ್ಯಾಂಕಿನಲ್ಲಿ ಇಟ್ಟಿದ್ದೇವೆ. ಟ್ಯಾಂಕಿಗೆ ಹಾಕಿದ ದುಡ್ಡು ನನಗೆ ಒಂದು ದಿನವೂ ಭಾರ ಅನ್ನಿಸಿಲ್ಲ.

ಹಿಟ್ಟಿನ ಕೋಲು ಊರಿಂದ ತರಬೇಕಿಲ್ಲ. ಉಗಾಲಿ ತಿರುಗಿಸುವ ಮ್ವಿಕೋ ಸಾಕು, ಚಪ್ಪಟೆ ಮರದ್ದು, ಗಂಟು ಒಡೆಯಲು ಬಲು ಚೆಂದ. ಸಾರಿಗೆ ಸಂತೆಯ ತೆರೆರೆ ಸೊಪ್ಪು ತನ್ನಿ, ನಮ್ಮ ದಂಟಿನ ಜಾತಿಯದೇ. ಅದಕ್ಕೆ ಒಂದು ಹಿಡಿ ಮನಗು ಸೇರಿಸಿ, ಅದು ಗಣಿಕೆ ಸೊಪ್ಪಿನ ಬಳಗ. ಎರಡನ್ನೂ ಇಲ್ಲಿ ಎಂಬಾಜಿ ಅನ್ನುವ ತೊಗರಿಯ ಜೊತೆ ಬೇಯಿಸಿ ಬಸಿದರೆ ಮಂಡ್ಯದವರೂ ಒಪ್ಪುವ ಬಸ್ಸಾರು ಆಗುತ್ತದೆ.

ಈಚೆಗೆ ಎಂಜಾಹಿ ಅನ್ನುವ ಕಾಳು ಹಿಡಿದಿದ್ದೇನೆ. ಕಪ್ಪು ಕಾಳು, ಅಂಚಿಗೆ ಬಿಳಿ ಗೆರೆ. ಅವರೆಯ ಜಾತಿಯೇ. ಇಲ್ಲಿನ ಕಿಕುಯು ಜನರ ಮನೆಗಳಲ್ಲಿ ಬಾಣಂತಿಯರಿಗೆ ಬೇಯಿಸಿ ಕೊಡುತ್ತಾರೆ. ಒಂದು ರಾತ್ರಿ ನೆನೆಸಿದರೆ ಸಿಪ್ಪೆ ಜಗ್ಗಲ್ಲ. ನೀರು ಬದಲಿಸಿ ಮರುದಿನವೂ ಬಿಟ್ಟರೆ ಬೆರಳಿಗೆ ಪುಳಕ್ ಅಂತ ಹಾರಿ ಬರುತ್ತದೆ, ಒಳಗಿನ ಬೇಳೆ ತೆಳು ಹಳದಿ. ಹಿಸುಕಿದ ಬೇಳೆ ಸಾರು ಮಾಡಿದೆವು. ಸೊಗಡಿನ ಘಮ ಇಲ್ಲ, ರುಚಿ ಮಾತ್ರ ನಮ್ಮದೇ.

ಮತ್ತೆ ಬೀಸಿಸುವುದು ಜನವರಿ ಬಿಸಿಲಿಗೆ. ಹಿಟ್ಟು ಬೇಕಾದವರು ಡಿಸೆಂಬರ್ ಒಳಗೆ ಹೇಳಿ. ಕಾಳು ಜಾಲಿಸಲು ಮಾತ್ರ ನೀವೂ ಬಂದು ಕೈ ಹಾಕಬೇಕು.