ದಿಗಿಣದಲ್ಲಿ ಬಾಚಣಿಗೆ ಹಲ್ಲು

2009ರಲ್ಲಿ ನಮ್ಮ ಮನೆಯ ಹರಕೆ ಯಕ್ಷಗಾನದ ಆಟವನ್ನು ಎಚ್‌ಡಿವಿ (ಟೇಪಿನಲ್ಲಿ ಎಚ್‌ಡಿ ರೆಕಾರ್ಡ್ ಮಾಡುವ) ಕ್ಯಾಮೆರಾದಲ್ಲಿ ನಾನೇ ಶೂಟ್ ಮಾಡಿದ್ದೆ. ಮೊನ್ನೆ ಆ ಟೇಪುಗಳನ್ನು ಕಂಪ್ಯೂಟರಿಗೆ ಇಳಿಸಿ ಎಡಿಟ್ ಮಾಡಿದರೆ ಎಲ್ಲ ಮಬ್ಬು ಮಬ್ಬು. ಹಳೆ ಕ್ಯಾಮೆರಾ, ಇಷ್ಟೇ ಅದರ ಹಣೆಬರಹ ಅಂದುಕೊಂಡೆ. ತಪ್ಪು ನನ್ನದೇ ಆಗಿತ್ತು.

ಅದು 1440x1080, 50ಐ, ಅಂದರೆ ಇಂಟರ್‌ಲೇಸ್ ವಿಡಿಯೋ. ಸೆಕೆಂಡಿಗೆ 50 ಫೀಲ್ಡ್ (ಅರ್ಧ ಚಿತ್ರ), ಒಂದೊಂದರಲ್ಲಿ 540 ಗೆರೆ, ಒಮ್ಮೆ ಬೆಸ ಒಮ್ಮೆ ಸಮ. ಕೂತು ಹಾಡುವ ಭಾಗವತರಿಗೆ ಇದರಿಂದ ತೊಂದರೆ ಇಲ್ಲ, ಎರಡು ಫೀಲ್ಡ್ ಹೆಣೆದರೆ ಪೂರ್ತಿ ಚಿತ್ರ ಸಿಗುತ್ತದೆ. ಆದರೆ ದಿಗಿಣ (ತಿರುಗಿ ಜಿಗಿಯುವ ಕುಣಿತ) ಹಾಕುವ ವೇಷಧಾರಿ ಒಂದು ಫೀಲ್ಡಿನಿಂದ ಇನ್ನೊಂದಕ್ಕೆ ಜಾಗ ಬದಲಿಸಿರುತ್ತಾನೆ, ಹಾಗಾಗಿ ಅಂಚಿನಲ್ಲೆಲ್ಲ ಬಾಚಣಿಗೆ ಹಲ್ಲು.

ನನ್ನ ಎಡಿಟಿಂಗ್ ಸಾಫ್ಟ್‌ವೇರ್ ಸುಮ್ನೆ ಒಂದು ಫೀಲ್ಡ್ ಎಸೆದು ಉಳಿದದ್ದನ್ನು ಎಳೆದು ದೊಡ್ಡದು ಮಾಡುತ್ತಿತ್ತು. ಅರ್ಧ ಗೆರೆ ಅಲ್ಲೇ ಹೋಯಿತು! ಎರಡು ಫೀಲ್ಡ್ ಬೆರೆಸುವ ಬ್ಲೆಂಡ್ ಹಾಕಿ ನೋಡಿದೆ, ಕೈ ಬೀಸಿದಲ್ಲೆಲ್ಲ ಎರಡೆರಡು ಕೈ. ಆಮೇಲೆ ಎಫ್‌ಎಫ್‌ಎಂಪೆಗ್ ಎಂಬ ವಿಡಿಯೋ ಸಾಫ್ಟ್‌ವೇರಿನ ಯಾಡಿಫ್ ಫಿಲ್ಟರ್, ಪ್ರತಿ ಫೀಲ್ಡಿಗೂ ಒಂದು ಫ್ರೇಮ್ ಕೊಡುವ ಆಯ್ಕೆಯಲ್ಲಿ. ತುಂಬಾ ಸುಧಾರಿಸಿತು, ಆದರೂ ಕಸೆ ಸೀರೆಯ ಚೌಕುಳಿಯ ಅಡ್ಡಗೆರೆಗಳು ಮಿಣಮಿಣ ಅನ್ನುತ್ತಿದ್ದವು. ಕೊನೆಗೆ ಅವಿಸಿಂತ್ ಎಂಬ ಸಾಫ್ಟ್‌ವೇರಿನಲ್ಲಿ ಕ್ಯೂಟಿಜಿಎಂಸಿ ಎಂಬ ಸ್ಕ್ರಿಪ್ಟ್. ಅದು ಹಿಂದುಮುಂದಿನ ಫೀಲ್ಡುಗಳಲ್ಲಿ ಚಲನೆಯನ್ನು ಹಿಂಬಾಲಿಸಿ ಬಿಟ್ಟುಹೋದ ಗೆರೆ ತುಂಬುತ್ತದೆ, ಹಾಗಾಗಿ ಭಾರೀ ನಿಧಾನ, ರಾತ್ರಿ ಹಾಕಿ ಮಲಗಿದೆ. ಬೆಳಿಗ್ಗೆ ನೋಡಿದರೆ ಚೌಕುಳಿ ಅಲುಗದೆ ನಿಂತಿತ್ತು. ಮುಖವರ್ಣಿಕೆ ಮಾತ್ರ ತುಸು ಜಾಸ್ತಿ ನುಣುಪಾಗಿತ್ತು, ರಾತ್ರಿ ಬೆಳಕಿನ ಗ್ರೇನ್ (ಕಾಳುಕಾಳು ಚುಕ್ಕೆ) ಜೊತೆ ಸಣ್ಣ ವಿವರವನ್ನೂ ಒರೆಸಿತ್ತು ಅನ್ನಿ.

ತಮಾಷೆ ಏನೆಂದರೆ, ಅದರಿಂದಲೇ 25 ಫ್ರೇಮಿನದ್ದೊಂದು, 50ರದ್ದೊಂದು ಫೈಲ್ ಮಾಡಿ ತಮ್ಮನಿಗೆ ತೋರಿಸಿದೆ. "ಅಣ್ಣ, ಎರಡನೆಯದು ಜಾಸ್ತಿ ಕ್ಲಿಯರ್ ಅಲ್ವಾ?" ಅಂದ. ನಿಲ್ಲಿಸಿ ನೋಡಿದರೆ ಎರಡರಲ್ಲೂ ಅದೇ ಗೆರೆ, ಅದೇ ಪಿಕ್ಸೆಲ್. ಓಡುವಾಗ ಮಾತ್ರ ಕಣ್ಣು ಗೆಜ್ಜೆಕಾಲನ್ನು ಹಿಂಬಾಲಿಸುತ್ತದೆ, 50ರಲ್ಲಿ ಅದಕ್ಕೆ ಆಧಾರ ಜಾಸ್ತಿ.

1080 ಎಂಬ ಅಂಕಿಯನ್ನೂ ಪೂರ್ತಿ ನಂಬಬೇಡಿ. ಇಂಟರ್‌ಲೇಸ್ ಕ್ಯಾಮೆರಾಗಳು ಮಿಣಮಿಣ ತಪ್ಪಿಸಲು ಅಕ್ಕಪಕ್ಕದ ಗೆರೆಗಳನ್ನು ಬೆರೆಸಿಯೇ ರೆಕಾರ್ಡ್ ಮಾಡುವುದು ಸಾಮಾನ್ಯ. ಹಾಗಾಗಿ ಮನೆಯವರಿಗೆ ಹಂಚಲು 720 ಗೆರೆ, 50 ಫ್ರೇಮ್ ಮಾಡಿದೆ, ಯಾರಿಗೂ ವ್ಯತ್ಯಾಸ ಕಾಣಲಿಲ್ಲ. ಆದರೆ ಮೊದಲು ಡಿಇಂಟರ್‌ಲೇಸ್ (ಫೀಲ್ಡುಗಳನ್ನು ಪೂರ್ತಿ ಫ್ರೇಮ್ ಮಾಡುವುದು), ಆಮೇಲೆ ಚಿಕ್ಕದು ಮಾಡಿ. ನಾನು ಒಂದು ಟೇಪಿಗೆ ಉಲ್ಟಾ ಮಾಡಿದ್ದೆ, ಎರಡು ಫೀಲ್ಡ್ ಕಲಸಿಹೋಗಿ ಮತ್ತೆ ಬಿಡಿಸಲು ಆಗಲೇ ಇಲ್ಲ. ಆ ಟೇಪನ್ನು ಮೊದಲಿನಿಂದ ಇಳಿಸಬೇಕಾಯಿತು.