ತುಳು ನಾಟಕದಲ್ಲಿ ಘಟ್ಟದ ಮೇಲಿನವ

ನಾನು ಹುನಗುಂದ ತಾಲೂಕಿನವನು. 1999ರಲ್ಲಿ ಸೆಂಟ್ರಿಂಗ್ ಕೆಲಸಕ್ಕೆ ಮಂಗಳೂರಿಗೆ ಬಂದೆ. ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ಸಾಲಾಗಿ ಬೀಡುಬಿಡುವ ನಾಟಕ ಕಂಪನಿಗಳನ್ನು ನೋಡುತ್ತಾ ಬೆಳೆದವನಾದ್ದರಿಂದ ಬಣ್ಣದ ಆಸೆ ಎದೆಯಲ್ಲಿ ಇದ್ದೇ ಇತ್ತು. ಆದರೆ ಘಟ್ಟ ಇಳಿದದ್ದು ಹೊಟ್ಟೆಪಾಡಿಗೆ.

ಇಲ್ಲಿ ಮಳೆ ನಿಂತರೆ ನಾಟಕದ ಕಾಲ ಶುರು. ಬ್ರಹ್ಮಕಲಶ, ಭಜನಾ ಮಂದಿರದ ವಾರ್ಷಿಕೋತ್ಸವ, ಯುವಕ ಮಂಡಲದ ಕಾರ್ಯಕ್ರಮ, ಎಲ್ಲಿ ನೋಡಿದರೂ ರಾತ್ರಿಗೊಂದು ತುಳು ನಾಟಕ. ನಮ್ಮ ಮೇಸ್ತ್ರಿಯ ಭಾವ ಒಂದು ತಂಡಕ್ಕೆ ಸೆಟ್ ಕಟ್ಟುತ್ತಿದ್ದರು. ಪೈಪು, ಹಲಗೆ ಎತ್ತಲು ಜನ ಬೇಕಾಗಿತ್ತು, ಹೋದೆ. ಎರಡು ಸೀಸನ್ ಪರದೆಯ ಹಿಂದೆ ನಿಂತು ಒಂದೇ ನಾಟಕವನ್ನು ಲೆಕ್ಕವಿಲ್ಲದಷ್ಟು ಸಲ ಕೇಳಿದೆ. ನನ್ನ ತುಳು ಪಾಠಶಾಲೆ ಅದೇ. ಅರ್ಥ ತಿಳಿಯುವ ಮೊದಲೇ ಯಾವ ಮಾತಿಗೆ ಜನ ನಗುತ್ತಾರೆ, ನಗು ಇಳಿಯುವ ತನಕ ನಟ ಎಷ್ಟು ಹೊತ್ತು ತಡೆಯುತ್ತಾನೆ ಎನ್ನುವುದು ಕಿವಿಗೆ ಗೊತ್ತಾಗಿತ್ತು.

ಮೊದಲ ಪಾತ್ರ ಸಿಕ್ಕಿದ್ದು ಒಬ್ಬರು ಬಾರದೇ ಹೋದ ರಾತ್ರಿ. ಪಾತ್ರ ಏನೆಂದರೆ 'ಘಟ್ಟದಾಯೆ', ಘಟ್ಟದ ಮೇಲಿಂದ ಬಂದ ಕೂಲಿ. ನಮ್ಮ ಕಡೆಯ ಕನ್ನಡದಲ್ಲಿ ಗಟ್ಟಿಯಾಗಿ ಕೂಗಬೇಕು, ಸಾಹುಕಾರನಿಂದ ಬೈಸಿಕೊಳ್ಳಬೇಕು, ಓಡಬೇಕು. ಜನ ಬಿದ್ದು ಬಿದ್ದು ನಕ್ಕರು. ಅಲ್ಲಿಂದ ಮೂರು ವರ್ಷ ಬೇರೆ ಬೇರೆ ತಂಡಗಳಲ್ಲಿ ಅದೇ ಕೂಲಿ. ನಗಿಸುವುದು ಕೀಳು ಕೆಲಸವಲ್ಲ, ಅದಕ್ಕೆ ದೊಡ್ಡ ವಿದ್ಯೆ ಬೇಕು. ಆದರೆ ಹೆಸರಿಲ್ಲದ, ಮನೆಮಠವಿಲ್ಲದ, ಮಾತಿನ ಧಾಟಿ ಒಂದೇ ಇರುವ ಪಾತ್ರದಲ್ಲಿ ನಟನಿಗೆ ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ. ಒಂದು ತಂಡದವರಂತೂ ಇಡೀ ಸೀಸನ್ನಿನ ಸಂಬಳ ಕೊಡಲೇ ಇಲ್ಲ. ಕೇಳಿಸಿಕೊಳ್ಳುವವರು ಯಾರೂ ಇರಲಿಲ್ಲ, ಮತ್ತೆ ಸೆಂಟ್ರಿಂಗ್‌ಗೆ ಹೋದೆ.

ತುಳು ಮಾತಾಡುವ ಇಲ್ಲಿನ ಊರಿನವನ ಪಾತ್ರ ಬೇಕೆಂದು ನಾನೇ ಕೇಳಿದೆ. ಕೊನೆಗೆ ಒಬ್ಬ ನಿರ್ದೇಶಕರು ಅಣ್ಣನ ಪಾತ್ರ ಕೊಟ್ಟರು. ತಂಗಿಯ ಮದುವೆ ಮುರಿದು ಬಿದ್ದಿದೆ, ಅಮ್ಮ ಅಳುತ್ತಿದ್ದಾಳೆ, ಪಕ್ಕದಲ್ಲಿ ಕುಡುಕ ತಮ್ಮ. ನಾನು ಅಮ್ಮನ ಕೈ ಹಿಡಿದು "ಆಲೆನ ಮದಿಮೆ ಮಲ್ಪುವೆ" ಅನ್ನಬೇಕು, ಅವಳ ಮದುವೆ ಮಾಡುತ್ತೇನೆ ಅಂತ. ಅಂದೆ. ಸಭೆ ಘೊಳ್ಳೆಂದಿತು.

ಏನಾಯಿತೆಂದು ತಿಳಿದದ್ದು ಒಳಗೆ ಹೋದ ಮೇಲೆ. ನಾವು ತುಳುವನ್ನು ಕನ್ನಡ ಲಿಪಿಯಲ್ಲಿ ಬರೆದು ಓದುತ್ತೇವೆ. 'ಮಾಡುತ್ತೇನೆ', 'ಮಾಡುತ್ತಾನೆ' ಎರಡಕ್ಕೂ ಹಾಳೆಯ ಮೇಲೆ 'ಮಲ್ಪುವೆ' ಎಂದೇ ಇರುತ್ತದೆ. ವ್ಯತ್ಯಾಸ ಇರುವುದು ಕೊನೆಯ ಸ್ವರದಲ್ಲಿ: 'ನಾನು' ಆದರೆ ಬಾಯಿ ಅಗಲ ತೆರೆಯಬೇಕು, 'ಅವನು' ಆದರೆ ಸಾಕಷ್ಟು ಮುಚ್ಚಿರಬೇಕು. ನಾನು ಓದಿದಂತೆಯೇ ಹೇಳಿ, ಮದುವೆಯ ಹೊಣೆಯನ್ನು ಕುಡುಕ ತಮ್ಮನ ತಲೆಗೆ ಕಟ್ಟಿದ್ದೆ!

ಅಮ್ಮನ ಪಾತ್ರ ಮಾಡುತ್ತಿದ್ದ ಅಕ್ಕ ನನ್ನನ್ನು ಬಣ್ಣದ ಕೋಣೆಯಲ್ಲಿ ಕೂರಿಸಿಕೊಂಡು, "ಬಾಯಿ ದೆಪ್ಪು ಮಗಾ" ಎಂದು ಗಲ್ಲ ಹಿಡಿದು ಹೇಳಿಕೊಟ್ಟರು. ಹತ್ತು ಸಲ ಹೇಳಿದರೂ ಬರಲಿಲ್ಲ. ಸೋತು "ಬ್ಯಾಡ್ರಿ ಅಕ್ಕ" ಅಂದೆ. ಅವರು ಥಟ್ಟನೆ ನನ್ನ ಮುಖ ನೋಡಿ, "ಅದೇ! ಆ 'ಬ್ಯಾ'ದಲ್ಲಿ ಬಂತಲ್ಲ, ಅದೇ ಸ್ವರ, ಗಿಡ್ಡ ಮಾಡಿ ಹೇಳು" ಅಂದರು. ಬ್ಯಾಡ, ಮ್ಯಾಲ, ನಮ್ಮೂರಲ್ಲಿ ದಿನಕ್ಕೆ ನೂರು ಸಲ ಬರುವ ಸ್ವರ. ಇಲ್ಲಿ ನಾಲಿಗೆಯಿಂದ ಅದನ್ನೇ ಉಜ್ಜಿ ಉಜ್ಜಿ ತೆಗೆಯುತ್ತಿದ್ದೆನಲ್ಲ! ಮರುರಾತ್ರಿ ಆ ಮಾತಿಗೆ ಯಾರೂ ನಗಲಿಲ್ಲ. ಅಕ್ಕ ನನ್ನ ಕೈಯನ್ನು ಎಂದಿಗಿಂತ ಗಟ್ಟಿಯಾಗಿ ಹಿಡಿದರು.

ಆಮೇಲೆ ಅದೇ ಘಟ್ಟದ ಕೂಲಿಯ ಪಾತ್ರ ಮತ್ತೊಮ್ಮೆ ಬಂದಾಗ ನಾನು ಬೇಡವೆನ್ನಲಿಲ್ಲ, ಒಂದು ಮಾತು ಸೇರಿಸಲು ಕೇಳಿದೆ. ತುಳುವಿನಲ್ಲಿ 'ನಮ್ಮ' ಎಂದರೆ ಎದುರಿನವರನ್ನೂ ಸೇರಿಸಿ ನಮ್ಮದು. ಅವರನ್ನು ಬಿಟ್ಟು ನಮ್ಮದು ಎನ್ನಲು 'ಎಂಕ್ಲೆನ' ಇದೆ. ಕನ್ನಡದಲ್ಲಿ ಎರಡಕ್ಕೂ ಒಂದೇ. ಹಾಗಾಗಿ ಕೂಲಿ ತನ್ನ ಕನ್ನಡದ ರೂಢಿಯಲ್ಲೇ ಸಾಹುಕಾರನಿಗೆ "ನಮ್ಮ ಊರು" ಅನ್ನುತ್ತಾನೆ. ಸಾಹುಕಾರ ತಡೆದು, ನಿಧಾನಕ್ಕೆ "ಎಂಕ್ಲೆನ ಊರು" ಅನ್ನುತ್ತಾನೆ. ಅಷ್ಟೇ. ಪುರಭವನದಲ್ಲಿ ಅದನ್ನು ಆಡಿದ ದಿನ ಹಿಂದಿನ ಸಾಲಿನ ಕೆಮ್ಮು ಕೂಡ ಕೇಳುವಷ್ಟು ಮೌನ. ಪೋಷಕ ಪಾತ್ರ ಮಾಡುವವರಿಗೆ ಉದ್ದ ಮಾತು ಬೇಕಿಲ್ಲ ಎಂದು ನಾನು ನಂಬಿರುವುದು ಆ ರಾತ್ರಿಯಿಂದ.

ಸಿನಿಮಾದ ಮಾತು ಚಿಕ್ಕದು. ನಾಟಕವಾಗಿದ್ದ 'ಒರಿಯರ್ದೊರಿ ಅಸಲ್' 2011ರಲ್ಲಿ ಸಿನಿಮಾ ಆಗಿ ಗೆದ್ದ ಮೇಲೆ ತುಳು ಚಿತ್ರಗಳು ಒಂದರ ಹಿಂದೊಂದು ಬಂದವು, ರಂಗದ ನಮಗೂ ಕೆಲಸ ಸಿಕ್ಕಿತು. ವಾಚ್‌ಮನ್, ಬಸ್ ಕಂಡಕ್ಟರ್, ಹೆಣ್ಣು ಕೊಟ್ಟ ಮಾವ, ಹೀಗೆ ಎರಡು ಮೂರು ದೃಶ್ಯದ ಪಾತ್ರಗಳು. ದುಡ್ಡು ನಾಟಕಕ್ಕಿಂತ ಒಳ್ಳೆಯದು. ಬಂಟ್ವಾಳ ತಾಲೂಕಿನ ಮಂಚಿಯಿಂದ ಹುಡುಗನಾಗಿದ್ದಾಗಲೇ ಹೊರಟು ಗುಬ್ಬಿ ಕಂಪನಿ ಸೇರಿದ ಬಿ.ವಿ. ಕಾರಂತರ ಕತೆಯನ್ನು ಇಲ್ಲಿಯವರು ನನಗೆ ಆಗಾಗ ಹೇಳುತ್ತಾರೆ. ಅವರು ಹತ್ತಿದ ಘಟ್ಟವನ್ನು ನಾನು ಇಳಿದು ಬಂದೆ ಎನ್ನುವುದು ನೆನಪಾದಾಗಲೆಲ್ಲ ಧೈರ್ಯ ಬರುತ್ತದೆ.

ಈಗ ಪತ್ತನಾಜೆ, ಅಂದರೆ ಮಳೆಗಾಲಕ್ಕೆ ಮೊದಲು ಇಲ್ಲಿನ ಉತ್ಸವಗಳು ಮುಗಿಯುವ ದಿನ, ಕಳೆದಿದೆ, ಬಯಲಿನ ಆಟಗಳು ನಿಂತಿವೆ. ಮುಂದಿನ ಸೀಸನ್ನಿಗೆ ನನ್ನದು ವಯಸ್ಸಾದ ತಂಡೇಲನ, ಅಂದರೆ ಮೀನುಗಾರಿಕೆ ದೋಣಿ ನಡೆಸುವವನ ಪಾತ್ರ. ಸಮುದ್ರವನ್ನು ಮೊದಲು ಕಂಡಾಗ ನನಗೆ ಇಪ್ಪತ್ತೆರಡು ವರ್ಷ; ಹುಟ್ಟಿದಂದಿನಿಂದ ಅದನ್ನು ಕಂಡವನ ನಿಲುವು ನನ್ನ ಕಾಲಿಗೆ ತಾನಾಗಿ ಬರುವುದಿಲ್ಲ. ಜೂನ್ 1ರಿಂದ ಜುಲೈ 31ರ ತನಕ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಆ ದಿನಗಳಲ್ಲಿ ಮೀನುಗಾರರು ದಡದಲ್ಲಿ ಬಲೆ ಸರಿಮಾಡುತ್ತಾ ಸಿಗುತ್ತಾರೆ. ಬೆಳಿಗ್ಗೆ ದೋಣಿ ನಿಲ್ಲುವ ದಕ್ಕೆಗೆ ಹೋಗಿ ಅವರ ನಡುವೆ ಕೂರುತ್ತೇನೆ. ನೆಲದ ಮೇಲೆ ನಿಂತಾಗಲೂ ಅವರ ಪಾದಗಳ ನಡುವೆ ಅಂತರ ಹೆಚ್ಚು. ಮಾತಾಡುವಾಗ ಕಣ್ಣು ನಮ್ಮ ಮೇಲಿದ್ದರೂ ಬೆರಳು ಗಂಟು ಹಾಕುತ್ತಲೇ ಇರುತ್ತದೆ.

ಕಳೆದ ವಾರ ಒಬ್ಬ ಹಿರಿಯರು ಬಲೆಯ ಸೂಜಿಯನ್ನು ನನ್ನ ಕೈಗೇ ಕೊಟ್ಟರು. ಒಂದು ಗಂಟೆಯಲ್ಲಿ ನಾನು ಹೆಣೆದದ್ದು ಒಂದು ಗೇಣು. ಎರಡನೇ ದೃಶ್ಯ ಪೂರ್ತಿ ಆ ಸೂಜಿ ಕೈಯಲ್ಲೇ ಇರುತ್ತದೆ. ದೋಣಿಗಳು ಹೊರಡುವುದರೊಳಗೆ ನೋಡದೆ ಹೆಣೆಯುವಷ್ಟು ಕೈ ಪಳಗಬೇಕು.